ಅರ್ಧ ತೀರ್ಪು ಕೇಳಿ ಕೊಟ್ಟ ಶೀರ್ಷಿಕೆ

2012ರ ಜೂನ್ 28, ಗುರುವಾರ. ಆಗ ನಾನು ದಾವಣಗೆರೆಯ ಒಂದು ಸಣ್ಣ ದಿನಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಎಂಟು ಪುಟದ ಪತ್ರಿಕೆ. ಒಳ ಹಾಳೆ ರಾತ್ರಿ ಎಂಟಕ್ಕೆ ಮೆಷಿನ್‌ಗೆ ಹೋಗಬೇಕು, ಹೊರ ಹಾಳೆ ಹನ್ನೊಂದರ ಮೇಲೆ. ದೇಶ-ವಿದೇಶದ ಆರನೇ ಪುಟ ನನ್ನದು. ಕರೆಂಟ್ ಯಾವಾಗ ಕೈಕೊಡುತ್ತದೋ ಹೇಳಲಾಗದ ದಿನಗಳು; ಎಂಟು ಎಂದರೆ ಎಂಟೇ.

ಆ ಸಂಜೆ ಲೀಡ್ ಜಾಗವನ್ನು, ಅಂದರೆ ಪುಟದ ಮುಖ್ಯ ಸುದ್ದಿಯ ಜಾಗವನ್ನು, ಖಾಲಿ ಬಿಟ್ಟುಕೊಂಡು ಕುಳಿತಿದ್ದೆ. ಕಡ್ಡಾಯ ಆರೋಗ್ಯ ವಿಮೆಯ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ದಿನ ಅದು. 2010ರ ಮಾರ್ಚ್‌ನಲ್ಲಿ ಒಬಾಮಾ ಸಹಿ ಹಾಕಿದ ಕಾಯ್ದೆ. ವಿಮೆ ಮಾಡಿಸದವರು 2014ರಲ್ಲಿ 95 ಡಾಲರ್ ಅಥವಾ ಆದಾಯದ ಶೇ 1ರಷ್ಟು, ಯಾವುದು ಹೆಚ್ಚೋ ಅದನ್ನು ದಂಡವಾಗಿ ಕಟ್ಟಬೇಕು ಎಂಬ ನಿಯಮ. ದಾವಣಗೆರೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರು ನಮ್ಮ ಊರನ್ನು ಬಲ್ಲವರಲ್ಲ. ಇಲ್ಲಿನ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕದಲ್ಲಿ ವೃತ್ತಿ ಮಾಡುತ್ತಿರುವವರ ತಂದೆ ತಾಯಿಯರು ನಮ್ಮ ಚಂದಾದಾರರಾಗಿದ್ದರು.

ಮಧ್ಯಾಹ್ನವೇ ಒಂದು ಕಾಪಿ ಬರೆದಿಟ್ಟಿದ್ದೆ. ಒಂದೇ. 'ಒಬಾಮಾಗೆ ಹಿನ್ನಡೆ: ಕಡ್ಡಾಯ ವಿಮೆ ರದ್ದು'. ಮಾರ್ಚ್ ತಿಂಗಳಲ್ಲಿ ಮೂರು ದಿನ ನಡೆದ ವಿಚಾರಣೆಯನ್ನು ಗಮನವಿಟ್ಟು ಓದಿದ್ದೆ. ಊಟ ಎಲ್ಲರಿಗೂ ಬೇಕು, ಹಾಗೆಂದು ಬ್ರೊಕೊಲಿ ಕೊಳ್ಳಲೇಬೇಕೆಂದು ಸರ್ಕಾರ ಜನರನ್ನು ಒತ್ತಾಯಿಸಬಹುದೇ ಎಂದು ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದ್ದರು. ಸರ್ಕಾರದ ವಕೀಲರು ತಡವರಿಸಿದ್ದರು. ಕಾಯ್ದೆ ಉಳಿಯುವುದಿಲ್ಲ ಎಂದು ಅಂದೇ ತೀರ್ಮಾನಿಸಿಬಿಟ್ಟಿದ್ದೆ. ಇನ್ನೊಂದು ಕಾಪಿ ಬರೆಯಲು ಕಾಲು ಗಂಟೆ ಸಾಕಿತ್ತು.

7 ಗಂಟೆ 37 ನಿಮಿಷ. ಡೆಸ್ಕ್‌ನ ಮೂಲೆಯ ಟಿ.ವಿ.ಯಲ್ಲಿ ಕೆಂಪು ಪಟ್ಟಿ ಬಂತು: ಕಡ್ಡಾಯ ವಿಮೆಗೆ ಮಾನ್ಯತೆ ಇಲ್ಲ. ಅಮೆರಿಕದ ದೊಡ್ಡ ಸುದ್ದಿ ವಾಹಿನಿಯದೇ ಪಟ್ಟಿ. ಸುದ್ದಿ ಏಜೆನ್ಸಿಯ ಕಾಪಿ ಇನ್ನೂ ಬಂದಿರಲಿಲ್ಲ. ಖರ್ಚು ಕಡಿಮೆ ಮಾಡುವ ಹೆಸರಿನಲ್ಲಿ ನಮ್ಮ ಆಡಳಿತದವರು ಏಜೆನ್ಸಿಯ ಪೂರ್ಣ ಸೇವೆಯನ್ನು ಹಿಂದಿನ ವರ್ಷವೇ ನಿಲ್ಲಿಸಿದ್ದರು. "ಸರ್, ಬಿಡಲಾ?" ಎಂದು ಪುಟ ಜೋಡಿಸುವ ಪೇಜಿನೇಟರ್ ಕೇಳಿದ. "ಬಿಡು" ಎಂದೆ. 7.42ಕ್ಕೆ ಪುಟ ಹೋಯಿತು.

ಐದಾರು ನಿಮಿಷ ಕಳೆದಿರಬೇಕು. ಟಿ.ವಿ.ಯಲ್ಲಿ ನಿರೂಪಕರ ದನಿ ಬದಲಾಯಿತು. ಯಾರೋ ಕಾಗದ ತಿರುವಿಹಾಕುತ್ತಿದ್ದರು. ಕಾಯ್ದೆ ಉಳಿದಿದೆ ಎಂಬಂಥ ಒಂದು ಮಾತು ಕಿವಿಗೆ ಬಿತ್ತು. ಆಗ ನಾನು ಎದ್ದು ಕೆಳಗೆ ಓಡಬೇಕಿತ್ತು. ಅಚ್ಚಿನ ಪ್ಲೇಟ್ ಇನ್ನೂ ತಯಾರಾಗುತ್ತಿತ್ತು, ಮೆಷಿನ್ ಸುತ್ತಿರಲಿಲ್ಲ. ಓಡಲಿಲ್ಲ. ಮೊದಲು ಬಂದದ್ದೇ ಸರಿ ಇರಬೇಕು, ಗೊಂದಲ ಎರಡನೆಯದರಲ್ಲೇ ಇರಬೇಕು ಎಂದುಕೊಂಡೆ. ಏಜೆನ್ಸಿ ಬರಲಿ, ನೋಡೋಣ ಎಂದುಕೊಂಡೆ. ಪಕ್ಕದಲ್ಲಿದ್ದ ಹಿರಿಯ ಉಪಸಂಪಾದಕರಿಗೂ ಹೇಳಲಿಲ್ಲ. ಹೇಳಿದ್ದರೆ "ನಿಲ್ಲಿಸಪ್ಪಾ" ಎನ್ನುತ್ತಿದ್ದರು. ಅದು ನನಗೆ ಗೊತ್ತಿದ್ದುದರಿಂದಲೇ ಹೇಳಲಿಲ್ಲವೇನೋ ಎಂದು ಇಂದಿಗೂ ಅನುಮಾನ. ಹತ್ತು ನಿಮಿಷ ಹಾಗೆಯೇ ಕುಳಿತಿದ್ದೆ. ತಪ್ಪು ಶೀರ್ಷಿಕೆಗಿಂತ ಆ ಹತ್ತು ನಿಮಿಷ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಏಜೆನ್ಸಿಯ ಫ್ಲ್ಯಾಶ್ ಬಂದಾಗ ಎಂಟು ದಾಟಿತ್ತು. ಕಾಯ್ದೆಗೆ ಮಾನ್ಯತೆ, 5-4ರ ಬಹುಮತ. ಕೆಳಗೆ ಹೋದೆ. ಮೆಷಿನ್ ಓಡುತ್ತಿತ್ತು. ಮೇಸ್ತ್ರಿ ಒಂದು ಹಾಳೆ ಎತ್ತಿ ಕೊಟ್ಟರು. ಶಾಯಿ ಹಸಿಯಾಗಿತ್ತು, ಹೆಬ್ಬೆರಳು ತಾಗಿ 'ರದ್ದು' ಎಂಬ ಪದದ ದಕಾರದ ಒತ್ತು ಕೆಳಗಿನ ಸಾಲಿನ ಮೇಲೆ ಹರಡಿತು. "ನಿಲ್ಲಿಸಲಾ ಸರ್? ಹೇಳಿ" ಎಂದರು. ಎರಡನೇ ಪ್ಲೇಟ್ ಹಾಕಲು ಆಡಳಿತದ ಅನುಮತಿ ಬೇಕಿತ್ತು. ಸಂಪಾದಕರು ಮದುವೆಯ ಆರತಕ್ಷತೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ವ್ಯವಸ್ಥಾಪಕರು ಎತ್ತಿದರು, ಅನುಮತಿಯನ್ನೂ ಕೊಟ್ಟರು, ಆದರೆ ಆಗಲೇ ಅಚ್ಚಾದ ಹಾಳೆಗಳನ್ನು ಎಸೆಯುವಂತಿಲ್ಲ ಎಂದರು. ಜಗಳೂರು, ಹರಪನಹಳ್ಳಿಯ ಕಟ್ಟುಗಳಿಗೆ ಅವು ಸೇರಿದವು. ಊರಿನ ಓದುಗರಿಗೆ ನಿಜ, ದೂರದ ತಾಲ್ಲೂಕುಗಳಿಗೆ ಸುಳ್ಳು. ಕಾಗದದ ಬೆಲೆ ನನಗೂ ಗೊತ್ತಿದೆ. ಆದರೂ ಆ ನಿರ್ಧಾರವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಆಗಿದ್ದು ಇಷ್ಟು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನ ಮೊದಲ ಭಾಗದಲ್ಲಿ, ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ ಸಂಸತ್ತಿಗೆ ಇದೆ, ಆದರೆ ವ್ಯಾಪಾರಕ್ಕೇ ಇಳಿಯದವನನ್ನು ಕೊಳ್ಳುವಂತೆ ಬಲವಂತ ಮಾಡುವ ಅಧಿಕಾರ ಅದರಿಂದ ಬರುವುದಿಲ್ಲ ಎಂದಿದ್ದರು. ವಾಹಿನಿಗಳು ಅಲ್ಲಿಗೇ ಪುಟ ಮುಚ್ಚಿದವು. ಮುಂದೆ ಅವರೇ, ವಿಮೆ ಮಾಡಿಸದವನು ಅಪರಾಧಿಯಲ್ಲ, ಆದಾಯ ತೆರಿಗೆಯ ಜೊತೆ ಒಂದಿಷ್ಟು ಹಣ ಕಟ್ಟುತ್ತಾನೆ ಅಷ್ಟೇ, ಆದ್ದರಿಂದ ಇದು ತೆರಿಗೆ, ತೆರಿಗೆ ಹಾಕುವ ಅಧಿಕಾರ ಸಂಸತ್ತಿಗೆ ಉಂಟು ಎಂದು ಹೇಳಿ ಕಾಯ್ದೆಯನ್ನು ಉಳಿಸಿದ್ದರು. ಶ್ವೇತಭವನದ ಟಿ.ವಿ.ಯಲ್ಲಿ ಒಬಾಮಾ ಕೂಡ ಮೊದಲು ನೋಡಿದ್ದು ತಪ್ಪು ಸುದ್ದಿಯನ್ನೇ. ಇದನ್ನು ಹೇಳಿ ಸಹೋದ್ಯೋಗಿಗಳು ನನ್ನನ್ನು ಸಮಾಧಾನಪಡಿಸಿದರು. ಒಬಾಮಾಗೆ ಅವರ ವಕೀಲರು ನಿಜ ತಿಳಿಸಿದರು. ನನ್ನ ಓದುಗರಿಗೆ ಆ ಕೆಲಸ ಮಾಡಬೇಕಾದವನು ನಾನೇ ಆಗಿದ್ದೆ.

ಮರುದಿನ ಜಗಳೂರಿನಿಂದ ಫೋನ್ ಬಂತು. ಸಹಕಾರ ಸಂಘವೊಂದರ ನಿವೃತ್ತ ಕಾರ್ಯದರ್ಶಿ. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ. "ಕಡ್ಡಾಯ ರದ್ದು ಎಂದು ಬರೆದಿದ್ದೀರಿ. ಹಾಗಾದರೆ ಅದೇ ಕಾಯ್ದೆಯಲ್ಲಿ, ಕಾಯಿಲೆ ಇದ್ದವರಿಗೂ ವಿಮೆ ಕೊಡಲೇಬೇಕು ಎಂಬ ನಿಯಮ ಉಳಿಯಿತೋ, ಅದೂ ಹೋಯಿತೋ?"

ನನ್ನ ಬಳಿ ಉತ್ತರವಿರಲಿಲ್ಲ. ಸುದ್ದಿಯೇ ತಪ್ಪು ಎಂದು ಒಪ್ಪಿಕೊಂಡ ಮೇಲೂ ಅವರು ಫೋನ್ ಇಡಲಿಲ್ಲ. ಸಹಕಾರ ಸಂಘಗಳ ಸದಸ್ಯರಿಗೆಂದು ರಾಜ್ಯದಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಬಂದಾಗ ಮನೆಮನೆಗೆ ಹೋಗಿ ಸದಸ್ಯರನ್ನು ಮಾಡಿದವರು ಅವರು. ವರ್ಷಕ್ಕೆ 60 ರೂಪಾಯಿ. "ಗಟ್ಟಿಮುಟ್ಟಾಗಿದ್ದವರು ಕಟ್ಟುತ್ತಿರಲಿಲ್ಲ ಸರ್. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿದ ಮರುದಿನ ಸಂಘದ ಬಾಗಿಲಲ್ಲಿ ನಿಂತಿರುತ್ತಿದ್ದರು. ಕಾಯಿಲೆಯವರಷ್ಟೇ ಸೇರಿದರೆ ಹುಂಡಿ ಎಷ್ಟು ದಿನ ತುಂಬಿರುತ್ತದೆ?"

ಮೂರು ತಿಂಗಳಿಂದ ಈ ವಿವಾದವನ್ನು ಬರೆಯುತ್ತಿದ್ದೆ. ಸ್ವಾತಂತ್ರ್ಯ, ಬಲವಂತ, ಬ್ರೊಕೊಲಿ ಎಲ್ಲವೂ ಇದ್ದವು. ಕಡ್ಡಾಯ ಏಕೆ ಬೇಕಾಯಿತು ಎಂಬ ಸಾಲು ಒಂದೂ ಇರಲಿಲ್ಲ. ಭಿನ್ನಮತದ ನಾಲ್ವರು ನ್ಯಾಯಮೂರ್ತಿಗಳು ಇಡೀ ಕಾಯ್ದೆಯೇ ಬಿದ್ದುಹೋಗಬೇಕು ಎಂದದ್ದರ ಹಿಂದೆಯೂ ಇದೇ ಲೆಕ್ಕವಿತ್ತು: ಎಲ್ಲರೂ ಸೇರಬೇಕೆಂಬ ನಿಯಮ ತೆಗೆದರೆ ಎಲ್ಲರಿಗೂ ಕೊಡಬೇಕೆಂಬ ನಿಯಮ ನಿಲ್ಲುವುದು ಕಷ್ಟ. ಬಲವಂತ ಬೇಡ ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ದುಡಿದು ತಿನ್ನುವವನಿಗೆ ಕಂತು ಭಾರವೇ. ಆದರೆ ಹುಂಡಿಯ ಲೆಕ್ಕ ತಿಳಿಸದೆ ವಾದವನ್ನಷ್ಟೇ ಓದುಗರ ಮುಂದೆ ಇಟ್ಟಿದ್ದೆ.

ಅಂದಿನಿಂದ ಯಾವುದೇ ತೀರ್ಪು ಬರುವ ದಿನ ಎರಡು ಕಾಪಿ ಬರೆದಿಡುತ್ತೇನೆ, ಎರಡಕ್ಕೂ ಶೀರ್ಷಿಕೆ ಕೊಡುವುದಿಲ್ಲ. ತೀರ್ಪಿನ ಪ್ರತಿ ಸಿಕ್ಕರೆ ಕೊನೆಯ ಆದೇಶವನ್ನು ಮೊದಲು ಓದುತ್ತೇನೆ. ಡೆಸ್ಕ್‌ಗೆ ಬರುವ ಹೊಸಬರಿಗೆ ಅನುಮಾನ ಬಂದ ಕೂಡಲೇ ಬಾಯಿಬಿಟ್ಟು ಹೇಳಿ ಎನ್ನುತ್ತೇನೆ.

2021ರ ಜೂನ್ 17ರಂದು ಅದೇ ಕಾಯ್ದೆ ಮತ್ತೆ ಅದೇ ಕೋರ್ಟ್‌ನಲ್ಲಿತ್ತು. ಅಷ್ಟರಲ್ಲಿ ದಂಡದ ಮೊತ್ತವನ್ನು ಅಲ್ಲಿನ ಸಂಸತ್ತೇ ಸೊನ್ನೆಗೆ ಇಳಿಸಿತ್ತು. ಪ್ರಶ್ನಿಸಿದವರಿಗೆ ದಾವೆ ಹೂಡುವ ಅರ್ಹತೆಯೇ ಇಲ್ಲ ಎಂದು 7-2ರಲ್ಲಿ ತೀರ್ಪಾಯಿತು. 'ಕಾಯ್ದೆ ಸಿಂಧು' ಎಂಬ ಶೀರ್ಷಿಕೆ ಪುಟದಲ್ಲಿ ಕುಳಿತಿತ್ತು. ತೆಗೆಸಿದೆ, ಕೋರ್ಟ್ ಆ ಪ್ರಶ್ನೆಗೆ ಕೈಯನ್ನೇ ಹಾಕಿರಲಿಲ್ಲ. ಪುಟ ಇಪ್ಪತ್ತು ನಿಮಿಷ ತಡವಾಯಿತು, ಮರುದಿನ ವಿವರಣೆ ಬರೆದುಕೊಟ್ಟೆ.

ಬೆಳಿಗ್ಗೆ ಜಗಳೂರಿನ ಆ ಹಿರಿಯರಿಗೆ ನಾನೇ ಫೋನ್ ಮಾಡಿದೆ. ಸುದ್ದಿಯನ್ನು ಆಗಲೇ ಓದಿದ್ದರು. "ಅಮೆರಿಕದ್ದು ಉಳಿಯಿತು, ಸಂತೋಷ" ಎಂದರು. "ನಮ್ಮ ಯಶಸ್ವಿನಿ ನಿಂತು ಮೂರು ವರ್ಷವಾಯಿತು. ಅದನ್ನು ಯಾವ ಪುಟದಲ್ಲಿ ಹಾಕುತ್ತೀರಿ?"