ಪರ್ಲ್, ಮೆಟಾಲಿಕ್, ಮ್ಯಾಟ್: ಸುಲಭಕ್ಕೆ ಹೊಂದದ ಕಾರು ಬಣ್ಣಗಳ ಟಚ್-ಅಪ್

ಟಚ್-ಅಪ್ ಬಾಟಲಿಯ ಮೇಲೆ ನಮ್ಮ ಕಾರಿನದೇ ಕಲರ್ ಕೋಡ್ ಇರುತ್ತದೆ, ಬೆರೆಸಿದವರೂ ಸೂತ್ರದ ಪ್ರಕಾರವೇ ಬೆರೆಸಿರುತ್ತಾರೆ. ಆದರೂ ಬಾನೆಟ್ ಮೇಲೆ ಕಲ್ಲು ಸಿಡಿದು ಎದ್ದ ಗುರುತಿಗೆ ಅದನ್ನು ಹಚ್ಚಿ ಒಣಗಿದ ಮೇಲೆ ನೋಡಿದರೆ ಅಲ್ಲೊಂದು ಕಪ್ಪು ಚುಕ್ಕೆ ಎದ್ದು ಕಾಣುತ್ತದೆ. ಮೆಟಾಲಿಕ್ ಅಥವಾ ಪರ್ಲ್ ಬಣ್ಣದ ಕಾರು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಆಗ ಬಾಟಲಿಯನ್ನು ದೂರುತ್ತಾರೆ. ನಾನು ಕಂಡ ಮಟ್ಟಿಗೆ ಬಾಟಲಿಯ ದೋಷ ಅಪರೂಪ. ಈ ಬಗೆಯ ಬಣ್ಣಗಳ ಹೊಂದಾಣಿಕೆ ಡಬ್ಬಿಯೊಳಗಿನ ದ್ರವವನ್ನು ಎಷ್ಟು ಅವಲಂಬಿಸಿದೆಯೋ, ಅದನ್ನು ಹಚ್ಚುವ ರೀತಿ, ಪದರದ ದಪ್ಪ ಮತ್ತು ಅದು ಒಣಗುವ ವೇಗವನ್ನೂ ಅಷ್ಟೇ ಅವಲಂಬಿಸಿದೆ. ಆದ್ದರಿಂದ ಕುಂಚ ಹಿಡಿಯುವ ಮೊದಲೇ ‘ಅದೇ ಬಣ್ಣ ಬರಬೇಕು’ ಎಂಬ ಹಟವನ್ನು ಬಿಟ್ಟು, ‘ಕಣ್ಣು ಅಲ್ಲಿ ತಡವರಿಸಬಾರದು’ ಎಂದು ಗುರಿಯನ್ನು ತಿದ್ದಿಕೊಂಡವರಿಗೆ ಕೆಲಸ ಕೈಗೂಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾರ್ಖಾನೆಯಲ್ಲಿ ಕಾರಿಗೆ ಬಳಿಯುವ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತಗಡಿನ ಮೇಲೆ ತುಕ್ಕು ತಡೆಯುವ ಎಲೆಕ್ಟ್ರೋಕೋಟ್ ಸುಮಾರು 20 ಮೈಕ್ರಾನ್, ಅದರ ಮೇಲೆ ಬಣ್ಣ ಹಿಡಿದುಕೊಳ್ಳಲು ನೆರವಾಗುವ ಪ್ರೈಮರ್ 30ರ ಆಸುಪಾಸು, ಬಣ್ಣ ಕೊಡುವ ಬೇಸ್ ಕೋಟ್ 10ರಿಂದ 20, ಎಲ್ಲಕ್ಕೂ ಮೇಲೆ ಹೊಳಪು ಮತ್ತು ರಕ್ಷಣೆ ಕೊಡುವ ಪಾರದರ್ಶಕ ಕ್ಲಿಯರ್ ಕೋಟ್ 40ರಿಂದ 50 ಮೈಕ್ರಾನ್ ಇರುತ್ತವೆ. ಅಂದರೆ ನಾವು ಬಣ್ಣ ಎಂದು ಕರೆಯುವ ಪದರ ಇಡೀ ಲೇಪನದ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ, ಅದೂ ಕ್ಲಿಯರ್ ಕೋಟ್‌ನ ಅಡಿಯಲ್ಲಿ ಹುದುಗಿದೆ. ಕಲ್ಲೇಟಿನ ಗುಳಿಯನ್ನು ಅಂಚಿನವರೆಗೂ ಬಣ್ಣದಿಂದಲೇ ತುಂಬಿದರೆ, ಬಣ್ಣ ಇರಬೇಕಾದ ಮಟ್ಟಕ್ಕಿಂತ ಮೇಲೆ, ಇರಬೇಕಾದುದಕ್ಕಿಂತ ಹಲವು ಪಟ್ಟು ದಪ್ಪವಾಗಿ ಕೂರುತ್ತದೆ.

ಸಾದಾ ಬಿಳಿ ಅಥವಾ ಸಾದಾ ಕೆಂಪಿನಲ್ಲಿ ಇದರಿಂದ ಅಷ್ಟೇನೂ ವ್ಯತ್ಯಾಸವಾಗದು. ಟೊಯೊಟಾದ 040 ಸೂಪರ್ ವೈಟ್‌ನಂಥ ಬಣ್ಣಕ್ಕೆ ಕುಂಚದಿಂದ ಚುಕ್ಕೆ ಇಟ್ಟು ಕೈತೊಳೆದುಕೊಳ್ಳಬಹುದು. ಮೆಟಾಲಿಕ್ ಬಣ್ಣದ ಕಥೆ ಬೇರೆ. ಅದರಲ್ಲಿ ತೇಲುವ ಅಲ್ಯೂಮಿನಿಯಂ ಹಲ್ಲೆಗಳು, ಅಂದರೆ ಪುಟ್ಟ ಚಕ್ಕೆಗಳು, ತೆಳುವಾಗಿ ಚಪ್ಪಟೆಯಾಗಿರುತ್ತವೆ. ಸ್ಪ್ರೇ ಗನ್ನಿನಿಂದ ಸಿಂಪಡಿಸಿದಾಗ ಥಿನ್ನರ್ ಬೇಗ ಆರಿ, ಪದರ ಕುಗ್ಗುತ್ತಾ ಈ ಹಲ್ಲೆಗಳನ್ನು ಮೇಲ್ಮೈಗೆ ಸಮಾನಾಂತರವಾಗಿ ಮಲಗಿಸುತ್ತದೆ. ಬೆಳಕು ನೇರವಾಗಿ ಕಣ್ಣಿಗೆ ಮರಳಿ, ಬಣ್ಣ ಮಿನುಗುತ್ತದೆ. ಅದೇ ಬಣ್ಣದ ಹನಿಯನ್ನು ಕುಂಚದಿಂದ ಗುಳಿಯೊಳಗೆ ಬಿಟ್ಟರೆ ಅದು ನಿಧಾನವಾಗಿ ಒಣಗುತ್ತದೆ, ಹಲ್ಲೆಗಳು ಒಂದೊಂದು ಒಂದೊಂದು ಕಡೆಗೆ ವಾಲಿಕೊಂಡು ನಿಲ್ಲುತ್ತವೆ, ಬೆಳಕು ಚದುರಿ ಚುಕ್ಕೆ ಕಪ್ಪಾಗಿ ಕಾಣುತ್ತದೆ. ಅನುಭವಿ ಪೇಂಟರ್‌ಗಳಿಗೆ ಇದು ಎಷ್ಟು ಗೊತ್ತೆಂದರೆ, ಗನ್ನನ್ನು ಸ್ವಲ್ಪ ದೂರ ಹಿಡಿದು ಒಣ ಒಣವಾಗಿ ಸಿಂಪಡಿಸಿ ಅದೇ ಡಬ್ಬಿಯ ಬಣ್ಣವನ್ನು ತಿಳಿಯಾಗಿಸುತ್ತಾರೆ, ಒದ್ದೆಯಾಗಿ ಸಿಂಪಡಿಸಿ ಗಾಢವಾಗಿಸುತ್ತಾರೆ.

ಇಲ್ಲೊಂದು ಉಪಯುಕ್ತ ಪರೀಕ್ಷೆ ಇದೆ. ಹಚ್ಚಿದ ಚುಕ್ಕೆಯನ್ನು ಮೊದಲು ನೇರವಾಗಿ ಮೇಲಿನಿಂದ ನೋಡಿ, ಆಮೇಲೆ ಬಾನೆಟ್‌ನ ಮಟ್ಟಕ್ಕೆ ಬಗ್ಗಿ ಓರೆಯಾಗಿ ನೋಡಬೇಕು. ನೇರ ನೋಟಕ್ಕೆ ಸುತ್ತಲಿನ ಬಣ್ಣಕ್ಕಿಂತ ಕಪ್ಪಾಗಿಯೂ ಓರೆ ನೋಟಕ್ಕೆ ತಿಳಿಯಾಗಿಯೂ ಕಂಡರೆ ಅದು ಹಲ್ಲೆಗಳ ವಾಲಿಕೆಯ ದೋಷ. ಬೇರೆ ಬಾಟಲಿ ತರಿಸಿದರೂ ಫಲಿತಾಂಶ ಅದೇ. ಯಾವ ಕೋನದಿಂದ ನೋಡಿದರೂ ಒಂದೇ ರೀತಿ ಕಪ್ಪಾಗಿಯೋ ಹಳದಿಯಾಗಿಯೋ ಕಂಡರೆ ಮಾತ್ರ ಸೂತ್ರದ ಮೇಲೆ ಅನುಮಾನ ಪಡಬಹುದು.

ಪರ್ಲ್ ಬಣ್ಣಗಳಲ್ಲಿ ಅಲ್ಯೂಮಿನಿಯಂ ಬದಲು, ಅಥವಾ ಅದರ ಜೊತೆಗೆ, ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ ಹಲ್ಲೆಗಳಿರುತ್ತವೆ. ಆ ಲೇಪನದ ದಪ್ಪವೇ ಯಾವ ಬಣ್ಣದ ಬೆಳಕು ಮರಳಬೇಕೆಂಬುದನ್ನು ನಿರ್ಧರಿಸುತ್ತದೆ. ಇನ್ನೂ ಹೆಚ್ಚು ಮಿಂಚಬೇಕೆಂದರೆ ಅಭ್ರಕದ ಜಾಗದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಹಲ್ಲೆಗಳನ್ನು ಬಳಸುತ್ತಾರೆ. ಮರ್ಕ್ ಕಂಪನಿ ರೂಪಿಸಿದ ಜಿರಾಲಿಕ್ ಇಂಥದ್ದು. ಪ್ರಸಂಗ ಬಂದಿದ್ದರಿಂದ ಹೇಳುತ್ತೇನೆ: 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ ಸಂಭವಿಸಿದಾಗ ಈ ಪುಡಿಯನ್ನು ತಯಾರಿಸುತ್ತಿದ್ದ ಒನಹಾಮಾದ ಕಾರ್ಖಾನೆ ನಿಂತುಹೋಗಿ, ಫೋರ್ಡ್ ಸೇರಿದಂತೆ ಕೆಲವು ಕಾರು ಕಂಪನಿಗಳು ತಮ್ಮ ಕೆಲವು ಕಪ್ಪು ಮತ್ತು ಕೆಂಪು ಬಣ್ಣಗಳಿಗೆ ಆರ್ಡರ್ ತೆಗೆದುಕೊಳ್ಳುವುದನ್ನೇ ತಡೆಹಿಡಿದವು. ಒಂದು ಚಿಟಿಕೆ ಮಿನುಗು ಪುಡಿಗೆ ಬದಲಿ ಸಿಗದ ಈ ಉದ್ಯಮದಲ್ಲಿ, ಸಾಮಾನ್ಯ ಬೆಳ್ಳಿ ಬಣ್ಣ ಬೆರೆಸಿ ‘ಹೆಚ್ಚುಕಡಿಮೆ ಅದೇ’ ಎನ್ನುವ ಅಂಗಡಿಯವರನ್ನು ನಂಬುವುದು ಕಷ್ಟ.

ಎಲ್ಲಕ್ಕಿಂತ ಹಟಮಾರಿ ಬಣ್ಣಗಳು ಟ್ರೈ-ಕೋಟ್ ಗುಂಪಿನವು. ಇವುಗಳಲ್ಲಿ ಅಡಿಯಲ್ಲೊಂದು ಗಟ್ಟಿ ಬಣ್ಣ, ನಡುವೆ ಅರೆಪಾರದರ್ಶಕ ಪದರ, ಮೇಲೆ ಕ್ಲಿಯರ್ ಇರುತ್ತವೆ. ಟೊಯೊಟಾದ 070 ಬ್ಲಿಝಾರ್ಡ್ ಪರ್ಲ್‌ನಲ್ಲಿ ಬಿಳಿಯ ಮೇಲೆ ಪರ್ಲ್ ಪದರ ಕೂತಿದೆ. ಮಾಜ್ದಾ 2012ರಲ್ಲಿ ತಂದ 41ವಿ ಸೋಲ್ ರೆಡ್ ಮತ್ತು ಅದರ ನಂತರ ಬಂದ 46ವಿ ಸೋಲ್ ರೆಡ್ ಕ್ರಿಸ್ಟಲ್ ಇನ್ನೂ ಒಂದು ಹೆಜ್ಜೆ ಮುಂದಿನವು: ಅಡಿಯಲ್ಲಿ ಬೆಳಕನ್ನು ಮರಳಿಸುವ ಅಲ್ಯೂಮಿನಿಯಂ ಹಲ್ಲೆಗಳ ಪದರ, ಅದರ ಮೇಲೆ ಬಣ್ಣದ ಗಾಜಿನಂತೆ ವರ್ತಿಸುವ ಕೆಂಪು ಪದರ. ಗಾಜು ದಪ್ಪವಾದಷ್ಟೂ ಬಣ್ಣ ಕಂದುಗೆಂಪಿಗೆ ತಿರುಗುತ್ತದೆ. ಕುಂಚದ ಹನಿ ಗುಳಿಯ ನಡುವೆ ದಪ್ಪವಾಗಿ, ಅಂಚಿನಲ್ಲಿ ತೆಳುವಾಗಿ ನಿಲ್ಲುವುದರಿಂದ ಒಂದೇ ಚುಕ್ಕೆಯಲ್ಲಿ ಎರಡು ಕೆಂಪು ಕಾಣುತ್ತವೆ. ಒಂದೇ ಬಾಟಲಿಯಲ್ಲಿ ಇಂಥ ಬಣ್ಣ ಮಾರಾಟಕ್ಕಿದ್ದರೆ ಅದು ಹತ್ತಿರದ ಛಾಯೆಯೇ ಹೊರತು ಅದೇ ಬಣ್ಣವಲ್ಲ. ಕನಿಷ್ಠ ಎರಡು ಬಾಟಲಿಗಳಲ್ಲಿ ಬರುವ ಸೆಟ್ ಬೇಕು, ಕ್ಲಿಯರ್ ಬೇರೆ.

ಕೋಡ್ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಸ್ಟಿಕ್ಕರ್ ಮೇಲೋ ಬಾನೆಟ್‌ನ ಒಳಗಿನ ಫಲಕದ ಮೇಲೋ ಇರುತ್ತದೆ. ಆದರೆ ಒಂದೇ ಕೋಡ್‌ನ ಬಣ್ಣವನ್ನು ಬೇರೆ ಬೇರೆ ಕಾರ್ಖಾನೆಗಳು, ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಸರಬರಾಜುದಾರರ ಸಾಮಗ್ರಿಯಿಂದ ಬಳಿದಿರುತ್ತವೆ. ಹಾಗಾಗಿಯೇ ಬಣ್ಣ ಬೆರೆಸುವವರ ಬಳಿ ಒಂದು ಕೋಡ್‌ಗೆ ಹಲವು ವೇರಿಯಂಟ್‌ಗಳ ಮಾದರಿ ಚೀಟಿಗಳಿರುತ್ತವೆ. ಇಂಧನ ಟ್ಯಾಂಕಿನ ಮುಚ್ಚಳವನ್ನು ಪಾಲಿಶ್ ಮಾಡಿ ಅವುಗಳ ಪಕ್ಕ ಹಿಡಿದು ಆರಿಸುವುದು ಕೇವಲ ಕೋಡ್ ಹೇಳಿ ತರಿಸುವುದಕ್ಕಿಂತ ಎಷ್ಟೋ ಮೇಲು. ಬಣ್ಣವನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇರುವ ಕಡೆ, ಒಂದೇ ಕೋನದಿಂದ ಅಳೆಯುವ ಉಪಕರಣ ಮೆಟಾಲಿಕ್‌ಗೆ ಸಾಲದು. 15, 45, 110 ಡಿಗ್ರಿಯಂಥ ಹಲವು ಕೋನಗಳಿಂದ ಓದುವಂಥದ್ದೇ ಬೇಕು. ಇನ್ನು ಬಂಪರ್ ಪ್ಲಾಸ್ಟಿಕ್‌ನದು, ಅದಕ್ಕೆ ಹಲವು ಸಲ ಬೇರೆಯ ಕಡೆ ಬಣ್ಣ ಬಳಿದಿರುತ್ತಾರೆ, ಹೊಸ ಕಾರಿನಲ್ಲೇ ಅದು ಫೆಂಡರ್‌ಗೆ ಪೂರ್ತಿ ಹೊಂದಿರುವುದಿಲ್ಲ. ಬಾನೆಟ್‌ಗೆ ಆರಿಸಿದ ವೇರಿಯಂಟ್ ಬಂಪರ್‌ಗೂ ಸರಿಹೋಗಬೇಕೆಂದು ನಿರೀಕ್ಷಿಸಬಾರದು.

ಕೆಲಸಕ್ಕೆ ಇಳಿಯುವ ಮುನ್ನ ಗಾಯದ ಆಳ ನೋಡಬೇಕು. ಬಣ್ಣ ಹಾಗೇ ಉಳಿದು ಕ್ಲಿಯರ್ ಮಾತ್ರ ಎದ್ದಿದ್ದರೆ ಬಣ್ಣದ ಬಾಟಲಿಯನ್ನು ಮುಟ್ಟುವುದೇ ಬೇಡ, ಒಂದು ಹನಿ ಕ್ಲಿಯರ್ ಸಾಕು. ಬೂದು ಪ್ರೈಮರ್ ಕಂಡರೆ ಬಣ್ಣ ಮತ್ತು ಕ್ಲಿಯರ್ ಎರಡೂ ಬೇಕು. ಲೋಹ ಹೊಳೆಯುತ್ತಿದ್ದರೆ ಮೊದಲು ಪ್ರೈಮರ್. ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕನ್ನು ಸೂಜಿಯ ತುದಿಯಿಂದಲೋ ಫೈಬರ್‌ಗ್ಲಾಸ್ ಪೆನ್ನಿನಿಂದಲೋ ಹೊಳೆಯುವ ಲೋಹ ಕಾಣುವವರೆಗೆ ಕೆರೆದ ಮೇಲೆಯೇ ಮುಂದಿನ ಮಾತು. ಬಂಪರ್‌ಗೆ ತುಕ್ಕಿನ ಭಯವಿಲ್ಲವಾದ್ದರಿಂದ ಅಲ್ಲಿ ಅವಸರವೂ ಇಲ್ಲ.

ನೆರಳಿನಲ್ಲಿ ನಿಲ್ಲಿಸಿದ, ತಣ್ಣಗಿರುವ ಕಾರು ಬೇಕು. ಬಿಸಿ ಬಾನೆಟ್ ಮೇಲೆ ಬಣ್ಣ ಹರಡುವ ಮೊದಲೇ ಚರ್ಮ ಕಟ್ಟುತ್ತದೆ, ತೇವದ ಗಾಳಿಯಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ತೊಳೆದು ಒರೆಸಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಮತ್ತೊಮ್ಮೆ ಒರೆಸಬೇಕು, ಏಕೆಂದರೆ ಉಳಿದ ಮೇಣದ ಜಿಡ್ಡು ಬಣ್ಣವನ್ನು ದೂರ ತಳ್ಳಿ ಸಣ್ಣ ಸಣ್ಣ ಕುಳಿಗಳನ್ನು ಬಿಡಿಸುತ್ತದೆ. ಗಾಯದ ಅಂಚಿನಲ್ಲಿ ಸಡಿಲವಾಗಿ ಎದ್ದಿರುವ ಪದರವನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ ತೆಗೆಯಬೇಕು. ಬಾಟಲಿಯನ್ನು ಕೆಲವು ನಿಮಿಷಗಳ ಕಾಲ ಚೆನ್ನಾಗಿ ಕುಲುಕಬೇಕು. ಹಲ್ಲೆಗಳು ತಳದಲ್ಲಿ ಕೂತಿದ್ದರೆ ನಾವು ಹಚ್ಚುವುದು ಮಿನುಗಿಲ್ಲದ ತಿಳಿನೀರನ್ನು. ಮುಚ್ಚಳಕ್ಕೆ ಅಂಟಿಕೊಂಡು ಬರುವ ಕುಂಚ ಬಹುತೇಕ ಗುಳಿಗಳಿಗೆ ದಪ್ಪವಾಯಿತು, ಅದನ್ನು ಪಕ್ಕಕ್ಕಿಟ್ಟು ಚಿತ್ರಕಾರರ ಅತಿ ಸಣ್ಣ ಕುಂಚವನ್ನೋ ಹಲ್ಲುಕಡ್ಡಿಯ ತುದಿಯನ್ನೋ ಬಳಸುವುದು ಒಳ್ಳೆಯದು.

ಹನಿಯನ್ನು ಗುಳಿಯ ನಟ್ಟನಡುವೆ ಇಟ್ಟರೆ ಅದು ತಾನಾಗಿ ಅಂಚಿನತ್ತ ಹರಿಯುತ್ತದೆ. ಕುಂಚದಿಂದ ಎಳೆಯಬೇಕಾದ ಅಗತ್ಯ ಬೀಳದು. ಹೆಚ್ಚಾಯಿತೆನಿಸಿದರೆ ಟಿಶ್ಯೂ ಕಾಗದದ ಮೂಲೆಯನ್ನು ತಾಗಿಸಿದಾಗ ಅದು ಹೀರಿಕೊಳ್ಳುತ್ತದೆ. ಮೆಟಾಲಿಕ್‌ಗೆ ಬಣ್ಣವನ್ನು ಅದಕ್ಕೆ ಹೊಂದುವ ಥಿನ್ನರ್‌ನಿಂದ ಸ್ವಲ್ಪ ತೆಳುಮಾಡಿ, ಒಂದು ಪದರ ಪೂರ್ತಿ ಒಣಗಿ ಕುಗ್ಗಿದ ಮೇಲೆ ಇನ್ನೊಂದನ್ನು ಇಡುವುದರಿಂದ ಹಲ್ಲೆಗಳಿಗೆ ಚಪ್ಪಟೆಯಾಗಿ ಮಲಗಲು ಹೆಚ್ಚು ಅವಕಾಶ ಸಿಗುತ್ತದೆ. ತಳ ಮುಚ್ಚಿಕೊಂಡ ಕೂಡಲೇ, ಗುಳಿ ಇನ್ನೂ ಗುಳಿಯಾಗಿಯೇ ಕಾಣುತ್ತಿರುವಾಗಲೇ, ಬಣ್ಣವನ್ನು ನಿಲ್ಲಿಸಬೇಕು. ಉಳಿದ ಆಳ ಕ್ಲಿಯರ್‌ಗೆ ಸೇರಿದ್ದು. ಗಾಯ ಬೆರಳುಗುರುಗಿಂತ ದೊಡ್ಡದಾಗಿದ್ದರೆ ಕುಂಚದಿಂದ ಮೆಟಾಲಿಕ್ ಹೊಂದಿಸುವ ಆಸೆ ಬಿಟ್ಟು ಏರ್‌ಬ್ರಶ್ ಹಿಡಿಯಬೇಕು, ರಂಧ್ರ ಕೊರೆದ ಕಾಗದವನ್ನು ಮೇಲ್ಮೈಗೆ ಅಂಟಿಸದೆ ತುಸು ಎತ್ತರದಲ್ಲಿ ಹಿಡಿದು ಸಿಂಪಡಿಸಿದರೆ ಅಂಚು ಮೆತ್ತಗಾಗಿ ಕರಗುತ್ತದೆ.

ಟ್ರೈ-ಕೋಟ್‌ಗೆ ಮೊದಲು ಒಂದು ಮಾದರಿ ಚೀಟಿ ಮಾಡಿಕೊಳ್ಳದೆ ನಾನು ಕಾರನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯೊಂದಕ್ಕೆ ಅಡಿ ಬಣ್ಣ ಹಚ್ಚಿ, ಅದರ ಮೇಲೆ ನಡುಪದರವನ್ನು ಒಂದು ಭಾಗಕ್ಕೆ ಒಂದು ಸಲ, ಮುಂದಿನದಕ್ಕೆ ಎರಡು, ಅದರ ಮುಂದಿನದಕ್ಕೆ ಮೂರು ಸಲ ಹಚ್ಚಿ, ಎಲ್ಲದರ ಮೇಲೂ ಕ್ಲಿಯರ್ ಎಳೆದು ಒಣಗಿಸಬೇಕು. ಕ್ಲಿಯರ್ ಬೀಳದೆ ಯಾವ ಛಾಯೆಯನ್ನೂ ತೀರ್ಮಾನಿಸುವಂತಿಲ್ಲ, ಅದು ಬಣ್ಣವನ್ನು ಗಾಢವಾಗಿಸುತ್ತದೆ. ಆ ಪಟ್ಟಿಯನ್ನು ಕಾರಿನ ಪಕ್ಕ ಬಿಸಿಲಿನಲ್ಲೊಮ್ಮೆ, ನೆರಳಿನಲ್ಲೊಮ್ಮೆ, ದೀಪದ ಬೆಳಕಿನಲ್ಲೊಮ್ಮೆ ಹಿಡಿದು ನೋಡಬೇಕು. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರ್ಪಡುವುದುಂಟು. ಎರಡು ಭಾಗಗಳ ನಡುವೆ ಯಾವುದೆಂದು ತೋಚದಿದ್ದರೆ ನಾನು ತಿಳಿಯಾದುದನ್ನೇ ಆರಿಸುತ್ತೇನೆ. ತಿಳಿ ಚುಕ್ಕೆಗೆ ಇನ್ನೊಂದು ಪದರ ಸೇರಿಸಬಹುದು, ಗಾಢವಾದದ್ದನ್ನು ಒರೆಸಿ ತೆಗೆಯದೆ ಹಿಂದಕ್ಕೆ ತರಲಾಗದು.

ಕ್ಲಿಯರ್ ಒಣಗಿದ ಮೇಲೆ ಚುಕ್ಕೆ ಸ್ವಲ್ಪ ಉಬ್ಬಿ ನಿಂತಿದ್ದರೆ, ಕೆಲವು ದಿನ ಕಾದು, 2000ದಿಂದ 3000 ಗ್ರಿಟ್‌ನ ಉಪ್ಪುಕಾಗದದ ತುಣುಕನ್ನು ಪೆನ್ಸಿಲ್ ಹಿಂಬದಿಯ ರಬ್ಬರಿಗೆ ಅಂಟಿಸಿ, ಸೋಪಿನ ನೀರಿನಲ್ಲಿ ಅದ್ದಿ, ಉಬ್ಬನ್ನು ಮಾತ್ರ ಉಜ್ಜಿ ಪಾಲಿಶ್ ಮಾಡುವುದು ಎಲ್ಲರೂ ಹೇಳುವ ಕ್ರಮ. ಕೈ ಪಳಗಿದವರಿಗೆ ಅದು ಸರಿ. ಸುತ್ತಲಿನ ಕ್ಲಿಯರ್ ಕೂದಲೆಳೆಗಿಂತಲೂ ತೆಳುವಾದದ್ದು, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಅಂಶವೂ ಅದರಲ್ಲೇ ಇದೆ. ಒಂದು ಚುಕ್ಕೆಯ ಚೆಂದಕ್ಕಾಗಿ ಅದನ್ನು ಸವೆಸಿದರೆ ಮುಂದೆ ಅಂಗೈಯಗಲ ಜಾಗ ಬಿಳಿಚಿಕೊಂಡು ಸುಲಿಯಬಹುದು. ಬೆರಳಿಗೆ ತಾಗಿ ಕಣ್ಣಿಗೆ ಕಾಣದ ಉಬ್ಬನ್ನು ನಾನು ಹಾಗೆಯೇ ಬಿಡುತ್ತೇನೆ.

ಮ್ಯಾಟ್ ಬಣ್ಣದ ಬಗ್ಗೆ ಹೇಳುವುದು ಕಡಿಮೆ. ಅದರ ಮಂದ ನೋಟ ಬರುವುದು ಕ್ಲಿಯರ್‌ನಲ್ಲಿ ಬೆರೆಸಿದ ಸಿಲಿಕಾದಂಥ ಪುಡಿಯಿಂದ. ಪದರದ ದಪ್ಪ, ಒಣಗುವ ವೇಗ ಸ್ವಲ್ಪ ಬದಲಾದರೂ ಹೊಳಪು ಬದಲಾಗುತ್ತದೆ. ಉಜ್ಜಿದರೆ, ಪಾಲಿಶ್ ಮಾಡಿದರೆ ಅಲ್ಲಿ ಶಾಶ್ವತವಾಗಿ ಹೊಳೆಯುವ ಕಲೆ ಉಳಿಯುತ್ತದೆ. ಲೋಹ ಕಾಣುವ ಗುಳಿಗೆ ಮೊದಲು ಪ್ರೈಮರ್, ಅದರ ಮೇಲೆ ಮ್ಯಾಟ್ ಕ್ಲಿಯರ್‌ನ ಹನಿಯಿಟ್ಟು ತುಕ್ಕು ತಡೆಯಬಹುದು, ಅದಕ್ಕಿಂತ ಹೆಚ್ಚಿನದನ್ನು ಬಯಸುವವರು ಇಡೀ ಪ್ಯಾನೆಲ್‌ಗೆ ಬಣ್ಣ ಹೊಡೆಸಬೇಕಾಗುತ್ತದೆ.

ಬಾನೆಟ್‌ನ ಮುಂಚೂಣಿ ತುಂಬಾ ಗುಳಿಗಳೆದ್ದಿದ್ದರೆ ಒಂದೊಂದಕ್ಕೂ ಚುಕ್ಕೆ ಇಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ, ಆ ಕೆಲಸ ಪೇಂಟರ್‌ದು. ಅಲ್ಲಿಯೂ ಪರ್ಲ್ ಅಥವಾ ಟ್ರೈ-ಕೋಟ್ ಕಾರಿನವರು ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಪಕ್ಕದ ಪ್ಯಾನೆಲ್‌ಗಳಿಗೂ ಬಣ್ಣವನ್ನು ಬ್ಲೆಂಡ್ ಮಾಡುತ್ತೀರಾ? ನುರಿತ ಪೇಂಟರ್ ನಡುಪದರವನ್ನು ದುರಸ್ತಿಯ ಜಾಗದಿಂದಾಚೆಗೆ ಹಂತಹಂತವಾಗಿ ಮಸುಕಾಗಿಸಿ, ಫೆಂಡರ್‌ನ ಕೆಲಸವನ್ನು ಬಾಗಿಲಿನವರೆಗೂ ಒಯ್ಯುತ್ತಾರೆ, ಛಾಯೆಯ ಅಂತರ ಎರಡು ಪ್ಯಾನೆಲ್‌ಗಳ ಸಂದಿಯಲ್ಲಿ ಬಂದು ನಿಲ್ಲದಂತೆ. ಬಾನೆಟ್ ಒಂದಕ್ಕೇ ಹೊಡೆದು ಕೊಡುತ್ತೇವೆ, ಡಿಟ್ಟೋ ಹೊಂದುತ್ತದೆ ಎಂದು ಭರವಸೆ ಕೊಡುವವರಿಗಿಂತ, ಬ್ಲೆಂಡ್ ಮಾಡದೆ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುವವರ ಬಳಿಯೇ ನಾನು ಕಾರು ಬಿಡುತ್ತೇನೆ.

ಸರಿಯಾದ ವೇರಿಯಂಟ್‌ನ ಬಾಟಲಿ ಬರಲು ವಾರಗಳೇ ಹಿಡಿಯಬಹುದು. ಅಷ್ಟರವರೆಗೆ ಉಕ್ಕಿನ ಪ್ಯಾನೆಲ್‌ನಲ್ಲಿ ಲೋಹ ಕಾಣುವ ಗಾಯವನ್ನು ಬರಿದಾಗಿ ಬಿಡದೆ, ಅದೇ ದಿನ ತೊಳೆದು ಒಣಗಿಸಿ ಒಂದು ಹನಿ ಪ್ರೈಮರ್ ಇಟ್ಟುಬಿಡಬೇಕು. ಬಣ್ಣ ಬಂದಾಗ ಅದನ್ನು ಹಗುರವಾಗಿ ಕೆರೆದು ಅದರ ಮೇಲೆಯೇ ಕೆಲಸ ಮುಂದುವರಿಸಬಹುದು.