ಬಾತ್‌ಗೆ ಹೋಗುವವರು ನಾರ್ಟನ್ ಸೇಂಟ್ ಫಿಲಿಪ್‌ಗೂ ಅರ್ಧ ದಿನ ಎತ್ತಿಡಿ

ಇಂಗ್ಲೆಂಡಿನ ಬಾತ್ ನಗರಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ರೋಮನ್ ಸ್ನಾನಗೃಹಗಳನ್ನು ನೋಡಿ ಸಂಜೆಯ ರೈಲಿಗೆ ಲಂಡನ್ನಿಗೆ ಮರಳುತ್ತಾರೆ. ಬಾತ್‌ನಲ್ಲಿ ಒಂದು ರಾತ್ರಿ ತಂಗುವುದಾದರೆ, ದಕ್ಷಿಣಕ್ಕೆ ಸುಮಾರು 7 ಮೈಲಿ ದೂರದ ನಾರ್ಟನ್ ಸೇಂಟ್ ಫಿಲಿಪ್ ಹಳ್ಳಿಗೆ ಹೋಗಿಬನ್ನಿ. ಅಲ್ಲಿನ ಜಾರ್ಜ್ ಇನ್ (ಇನ್ ಎಂದರೆ ತಂಗುಮನೆ) ಎಂಬ ಪಬ್ಬನ್ನು ನೋಡಲೆಂದೇ ನಾನು ಹೋಗಿದ್ದೆ. ಹಳ್ಳಿಯೊಂದರಲ್ಲಿ ಇಷ್ಟು ದೊಡ್ಡ ಹಳೆಯ ಕಟ್ಟಡವನ್ನು ನಾನು ನಿರೀಕ್ಷಿಸಿರಲಿಲ್ಲ.

ಒಳಗೆ ಹೋಗುವ ಮೊದಲು ರಸ್ತೆಯ ಆಚೆ ಬದಿ ನಿಂತು ಮುಂಭಾಗವನ್ನು ನಿಧಾನವಾಗಿ ನೋಡಿ. ನೆಲದ ಅಂತಸ್ತು ಪೂರ್ತಿ ಕಲ್ಲಿನದು. ಅದರ ಮೇಲೆ ಮರದ ಚೌಕಟ್ಟಿನ ಎರಡು ಅಂತಸ್ತುಗಳಿದ್ದು, ಮೇಲಿನದು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿದೆ. ಗೋಡೆಯಾಚೆ ಬಂದ ತೊಲೆಗಳ ತುದಿಯ ಮೇಲೆಯೇ ಮುಂದಿನ ಮಹಡಿಯ ಗೋಡೆ ನಿಂತಿದೆ. ರಸ್ತೆಯನ್ನು ಒತ್ತುವರಿ ಮಾಡದೆ ಮೇಲೆ ಜಾಗ ಹೆಚ್ಚಿಸಿಕೊಳ್ಳುವ ಈ ಉಪಾಯ ಆ ಕಾಲದ ಬಡಗಿಗಳಿಗೆ ಕರಗತವಾಗಿತ್ತು.

ಆ ಜಾಗ ಬೇಕಾಗಿದ್ದು ಉಣ್ಣೆಗೆ. ಸಮೀಪದ ಹಿಂಟನ್ ಮಠದ ಕಾರ್ಥೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು 14ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದರು. ಮರದ ಅಂತಸ್ತುಗಳು ಬಂದದ್ದು 15ನೆಯ ಶತಮಾನದಲ್ಲಿ. ಇಲ್ಲಿ ನಡೆಯುತ್ತಿದ್ದ ಸಂತೆಗೆ ಬಂದ ವರ್ತಕರು ಉಳಿಯುವುದಕ್ಕೂ ಸರಕು ಇಡುವುದಕ್ಕೂ ಇದೇ ನೆಲೆ. ಉಣ್ಣೆಯೇ ಇಂಗ್ಲೆಂಡಿನ ಸಂಪತ್ತಾಗಿದ್ದ ಕಾಲವದು. 8ನೆಯ ಹೆನ್ರಿಯ ಆಳ್ವಿಕೆಯಲ್ಲಿ, 1539ರಲ್ಲಿ, ಮಠ ಮುಚ್ಚಿತು. ಇನ್ ಮಾತ್ರ ಉಳಿಯಿತು.

ಹೆಚ್ಚಿನವರು ಮುಂಭಾಗದ ಫೋಟೋ ತೆಗೆದು ಊಟಕ್ಕೆ ಕೂರುತ್ತಾರೆ. ನೀವು ಕಮಾನಿನ ಬಾಗಿಲು ದಾಟಿ ಹಿಂದಿನ ಅಂಗಳಕ್ಕೂ ಹೋಗಿ. ಅತಿಥಿಗಳು ಕೋಣೆಗಳಿಗೆ ಓಡಾಡುತ್ತಿದ್ದ ಮರದ ಮೊಗಸಾಲೆ ಅಲ್ಲಿದೆ. ಮರಗಳು ಕೂಡುವ ಕಡೆ ಹತ್ತಿರದಿಂದ ನೋಡಿದರೆ ಕಬ್ಬಿಣದ ಮೊಳೆಗಳ ಬದಲು ಮರದ ಗೂಟಗಳು ಕಾಣುತ್ತವೆ. ಶತಮಾನಗಳ ಭಾರ ಹೊತ್ತ ಆ ಗೂಟಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ದಿನಚರಿಯಿಂದ ಹೆಸರಾದ ಸ್ಯಾಮ್ಯುಯಲ್ ಪೆಪಿಸ್ 1668ರ ಜೂನ್ 12ರಂದು ಬಾತ್‌ಗೆ ಹೋಗುವ ದಾರಿಯಲ್ಲಿ ಈ ಹಳ್ಳಿಯಲ್ಲಿ ಊಟ ಮಾಡಿ 10 ಶಿಲ್ಲಿಂಗ್ ಕೊಟ್ಟದ್ದನ್ನು ಬರೆದಿಟ್ಟಿದ್ದಾನೆ. ಇಲ್ಲಿನ ಚರ್ಚಿನಲ್ಲಿ ತೂಗುಹಾಕಿದ್ದ ಆರು ಘಂಟೆಗಳ ನಾದವನ್ನೂ ಹೊಗಳಿದ್ದಾನೆ. 1685ರ ಜೂನ್‌ನಲ್ಲಿ ದೊರೆಯ ವಿರುದ್ಧ ದಂಗೆಯೆದ್ದ ಮನ್ಮತ್ ಡ್ಯೂಕ್ ಈ ಇನ್‌ನಲ್ಲಿ ತಂಗಿದ್ದ. ಹಳ್ಳಿಯಲ್ಲೇ ಕಾಳಗವಾಯಿತು. ಜುಲೈ 6ರಂದು ಸೆಜ್‌ಮೂರ್‌ನಲ್ಲಿ ಸೋತ ಆತನ ತಲೆಯನ್ನು ಅದೇ ತಿಂಗಳ 15ರಂದು ಲಂಡನ್ನಿನಲ್ಲಿ ಕಡಿದರು.

ಇನ್ನು ಊಟದ ವಿಚಾರ. ಇಂಗ್ಲೆಂಡಿನ ಪಬ್‌ಗಳಲ್ಲಿ ಸಾಮಾನ್ಯವಾಗಿ ಪಾನೀಯವನ್ನು ಕೌಂಟರಿಗೆ ಹೋಗಿ ಕೇಳಿ, ಆಗಲೇ ಹಣ ಕೊಡಬೇಕು. ಮದ್ಯ ಕುಡಿಯದವರು ಹಣ್ಣಿನ ರಸವನ್ನೋ ಚಹಾವನ್ನೋ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಸಂಕೋಚ ಬೇಡ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಅಡುಗೆಮನೆ ಮುಚ್ಚಿರುವ ಸಾಧ್ಯತೆಯಿದೆ. ಭಾನುವಾರ ರೋಸ್ಟ್ (ಹುರಿದ ಮಾಂಸದ) ಊಟಕ್ಕೆ ಜನ ತುಂಬುವುದರಿಂದ ಮೊದಲೇ ಮೇಜು ಕಾದಿರಿಸಿ. ಸಸ್ಯಾಹಾರಿಗಳು ಸೂಪಿನಲ್ಲಿ ಮಾಂಸದ ಸಾರು ಬೆರೆತಿದೆಯೇ ಎಂದು ಬಿಡಿಸಿ ಕೇಳುವುದು ಒಳ್ಳೆಯದು.

ಬಾತ್‌ನಿಂದ ಫ್ರೋಮ್ ಕಡೆಗೆ ಹೋಗುವ ಬಸ್ಸು ಹಿಡಿಯಬಹುದು. ಹಳ್ಳಿಗಾಡಿನಲ್ಲಿ ಸಂಜೆ ಮತ್ತು ಭಾನುವಾರ ಬಸ್ಸುಗಳು ವಿರಳ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದರಿಂದ ಬೆಳಗಿನ ಬಸ್ಸಿಗೇ ಹೊರಡಿ, ಮರಳುವ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಚಾಲಕರಿಂದ ಕೇಳಿಟ್ಟುಕೊಳ್ಳಿ.