ಶಿರಾಜಿನ ಫಾಲೂದೆ: ಎಳೆ ಕರುಂ ಎನ್ನುವವರೆಗೆ

ಮಾರ್ಚ್ 1, ಭಾನುವಾರ

ನಮ್ಮ ಮೈಸೂರಿನ ಮನೆಯ ಮಹಡಿಯಲ್ಲಿ ಕೆಲವು ವರ್ಷ ಬಾಡಿಗೆಗಿದ್ದ ಇರಾನಿನ ಹುಡುಗಿಯ ಊರು ಶಿರಾಜ್. ಇಲ್ಲಿ ಓದು ಮುಗಿಸಿ ಈಗ ಅಲ್ಲಿಯೇ ಇದ್ದಾಳೆ. ಒಂದು ಬೇಸಿಗೆಯ ಸಂಜೆ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಿ ಫಾಲೂದಾ ಕೊಡಿಸಿದ್ದೆ. ಎತ್ತರದ ಗಾಜಿನ ಲೋಟ, ಗುಲಾಬಿ ಬಣ್ಣದ ಹಾಲು, ಕಾಮಕಸ್ತೂರಿ ಬೀಜ, ಮೆತ್ತನೆಯ ಶ್ಯಾವಿಗೆ, ಮೇಲೊಂದು ಉಂಡೆ ಐಸ್‌ಕ್ರೀಂ. ಲೋಟ ಖಾಲಿ ಮಾಡಿದ ಮೇಲೆ ಅವಳು ಹೇಳಿದಳು: "ಆಂಟಿ, ಇದು ಬಹಳ ರುಚಿಯಾಗಿದೆ. ಆದರೆ ನಮ್ಮ ಫಾಲೂದೆಗೆ ಹಾಲೇ ಹಾಕುವುದಿಲ್ಲ. ನಮ್ಮಲ್ಲಿ ಶ್ಯಾವಿಗೆಯೂ ಹೆಪ್ಪುಗಟ್ಟಿರುತ್ತದೆ. ಹಲ್ಲಿಗೆ ಸಿಕ್ಕಾಗ ಶಬ್ದ ಬರಬೇಕು."

ಆ ಶಬ್ದ ಅಂದಿನಿಂದ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಈ ಬೇಸಿಗೆ ಮುಗಿಯುವುದರೊಳಗೆ ಅದನ್ನು ನಮ್ಮ ಅಡುಗೆಮನೆಯಲ್ಲಿ ಕೇಳಬೇಕೆಂದು ತೀರ್ಮಾನಿಸಿದ್ದೇನೆ. ಮಾಡಿದ್ದನ್ನೆಲ್ಲ ಬರೆದಿಡುತ್ತೇನೆ.

ಬೇಕಾಗುವುದು ನಾಲ್ಕೇ ವಸ್ತು: ಪಿಷ್ಟ, ಸಕ್ಕರೆ, ಪನ್ನೀರು, ನಿಂಬೆಹಣ್ಣು. ಪಿಷ್ಟದ ಎಳೆಗಳನ್ನು ಪನ್ನೀರು ಹಾಕಿದ ಸಕ್ಕರೆ ಪಾಕದಲ್ಲಿ ಅರೆ ಹೆಪ್ಪುಗಟ್ಟಿಸಿ, ತಿನ್ನುವಾಗ ನಿಂಬೆರಸ ಹಿಂಡಿಕೊಳ್ಳುತ್ತಾರೆ. ಆಲ್ಬಾಲು ಎಂಬ ಹುಳಿ ಚೆರ್ರಿಯ ಶರಬತ್ತನ್ನು ಮೇಲೆ ಸುರಿದುಕೊಳ್ಳುವವರೂ ಉಂಟು. ಶಿರಾಜ್ ಇರುವ ಫಾರ್ಸ್ ಪ್ರಾಂತ್ಯದಲ್ಲಿ ನಿಂಬೆಗೆ ಕೊರತೆಯಿಲ್ಲ; ಅಲ್ಲಿನ ಜಹ್ರೋಮ್ ಎಂಬ ಊರು ನಿಂಬೆ ತೋಟಗಳಿಗೇ ಹೆಸರಾದದ್ದು. ಪನ್ನೀರಂತೂ ಆ ದೇಶದ ಉಸಿರು. ಕಾಶಾನ್ ಬಳಿಯ ಕಮ್ಸರ್‌ನಲ್ಲಿ ಮೇ ತಿಂಗಳಲ್ಲಿ ಗುಲಾಬಿ ಬಿಡಿಸಿ ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸುತ್ತಾರೆ.

ಮಾರ್ಚ್ 8

ಮೊದಲ ಪ್ರಯತ್ನ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿಯ ನುಣುಪು ಪುಡಿಯನ್ನು 100 ಗ್ರಾಂ ತೆಗೆದುಕೊಂಡೆ. ಹಳದಿ ಮೆಕ್ಕೆಜೋಳದ ಹಿಟ್ಟು ಇದಕ್ಕೆ ಬರುವುದಿಲ್ಲ. 700 ಮಿಲಿಲೀಟರ್ ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟು ಕೈ ಬಿಡದೆ ತಿರುವಿದೆ. ಗಟ್ಟಿಯಾದ ಕೂಡಲೇ ಇಳಿಸಿ, ಚಕ್ಕುಲಿ ಒರಳಿಗೆ ಓಂಪುಡಿ ಬಿಲ್ಲೆ ಹಾಕಿ, ಐಸ್ ತುಂಡು ತೇಲುತ್ತಿದ್ದ ನೀರಿನೊಳಕ್ಕೆ ಒತ್ತಿದೆ.

ಎಳೆ ಬರಲಿಲ್ಲ. ನೀರು ಹಾಲಿನಂತೆ ಬೆಳ್ಳಗಾಗಿ, ತಳದಲ್ಲಿ ಲೋಳೆಯಂಥ ಮುದ್ದೆ ಕೂತಿತು. ಸೋಸಲೂ ಆಗಲಿಲ್ಲ. ಅಷ್ಟನ್ನೂ ತೆಂಗಿನ ಮರದ ಬುಡಕ್ಕೆ ಹಾಕಿ ಬಂದೆ.

ಇಡೀ ಪ್ರಸಂಗವನ್ನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ನೋಡುತ್ತಿದ್ದವರು ನಮ್ಮ ಅತ್ತೆ. ಅರವತ್ತು ಬೇಸಿಗೆಗಳಲ್ಲಿ ಸಂಡಿಗೆ ಹಾಕಿದ ಕೈ ಅವರದು. "ಅಲ್ಲಮ್ಮಾ, ಹಿಟ್ಟು ಬೆಂದೇ ಇಲ್ಲ. ಗಟ್ಟಿಯಾಗುವುದು ಬೇರೆ, ಬೇಯುವುದು ಬೇರೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು" ಎಂದರು. ಶಿರಾಜಿನ ತಿನಿಸಿನ ಬೀಗದ ಕೈ ಸಂಡಿಗೆ ಹಿಟ್ಟಿನಲ್ಲಿತ್ತು!

ಮಾರ್ಚ್ 15

ನೀರನ್ನು 450 ಮಿಲಿಲೀಟರಿಗೆ ಇಳಿಸಿದೆ. ಹಿಟ್ಟು ಗಟ್ಟಿಯಾದ ಮೇಲೂ ಸಣ್ಣ ಉರಿಯಲ್ಲಿ ಇನ್ನೂ ಏಳೆಂಟು ನಿಮಿಷ ಮಗುಚಿದೆ. ಸುಣ್ಣದ ತಿಳಿಯಂತಿದ್ದ ಬಿಳುಪು ಹೋಗಿ, ಹಿಟ್ಟು ಒಳಗಿನಿಂದ ಬೆಳಕು ತೋರುವಂತೆ ಅರೆಪಾರದರ್ಶಕವಾಯಿತು. ಅತ್ತೆಯ ಬೆರಳಿಗೆ ಅಂಟಲಿಲ್ಲ.

ಒತ್ತುವುದೇ ಕಷ್ಟದ ಕೆಲಸ. ಹಿಟ್ಟು ಕುದಿಬಿಸಿಯಾಗಿರುವಾಗಲೇ ಒತ್ತಬೇಕು. ಆರಿದರೆ ಬಿಲ್ಲೆಯ ಸಣ್ಣ ತೂತಿನಲ್ಲಿ ಇಳಿಯುವುದಿಲ್ಲ. ಹಿತ್ತಾಳೆ ಒರಳು ಕ್ಷಣದಲ್ಲಿ ಕಾಯುತ್ತದೆ, ದಪ್ಪ ಬಟ್ಟೆ ಸುತ್ತಿಯೇ ಹಿಡಿಯಬೇಕು. ಒರಳನ್ನು ನೀರಿಗಿಂತ ನಾಲ್ಕು ಬೆರಳು ಮೇಲೆ ಹಿಡಿದು ನಿಧಾನವಾಗಿ ಸುತ್ತು ಹಾಕುತ್ತ ಬಂದರೆ ಎಳೆಗಳು ಒಂದಕ್ಕೊಂದು ಅಂಟದೆ ಬೀಳುತ್ತವೆ. ಒಂದೇ ಕಡೆ ಒತ್ತಿದರೆ ಜಡೆಯಾಗುತ್ತದೆ. ಎರಡನೆಯ ಸಲ ಒತ್ತುವ ಹೊತ್ತಿಗೆ ನೀರು ಬೆಚ್ಚಗಾಗಿತ್ತು, ಎಳೆಗಳು ಕೂಡಿಕೊಂಡವು. ಐಸ್ ತುಂಡುಗಳನ್ನು ಧಾರಾಳವಾಗಿ ಇಟ್ಟುಕೊಂಡಿರಬೇಕು.

ಎಳೆ ಗೆದ್ದೆ, ಪಾಕದಲ್ಲಿ ಸೋತೆ. ನಮ್ಮವರಿಗೆ ಸಿಹಿ ಕಡಿಮೆಯಿರಲಿ ಎಂದು ಅರ್ಧ ಲೀಟರ್ ನೀರಿಗೆ 100 ಗ್ರಾಂ ಸಕ್ಕರೆಯನ್ನಷ್ಟೇ ಹಾಕಿದ್ದೆ. ರಾತ್ರಿ ಡಬ್ಬಿ ತೆರೆದರೆ ಒಳಗೆ ಕಲ್ಲು. ಚಮಚ ಬಾಗಿತು.

ಮಾರ್ಚ್ 17

ಶಿರಾಜಿಗೆ ಧ್ವನಿ ಸಂದೇಶ ಕಳುಹಿಸಿದ್ದೆ. ಉತ್ತರ ಬಂತು: "ಆಂಟಿ, ಸಕ್ಕರೆಗೆ ಹೆದರಬೇಡಿ. ಸಿಹಿಯನ್ನು ನಿಂಬೆ ನೋಡಿಕೊಳ್ಳುತ್ತದೆ."

ಯೋಚಿಸಿದರೆ ಇದು ಬರೀ ರುಚಿಯ ಮಾತಲ್ಲ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಲು ತೊಡಗುತ್ತದೆ. ಮೊದಲು ಶುದ್ಧ ನೀರಿನ ಹರಳುಗಳು ಬೇರ್ಪಡುತ್ತವೆ, ಉಳಿದ ಪಾಕದಲ್ಲಿ ಸಕ್ಕರೆಯ ಸಾಂದ್ರತೆ ಏರುತ್ತ ಹೋಗುತ್ತದೆ, ಅದು ಹೆಪ್ಪುಗಟ್ಟುವುದು ಇನ್ನಷ್ಟು ಕಷ್ಟವಾಗುತ್ತದೆ. ಆದ್ದರಿಂದ ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಹರಳುಗಳ ನಡುವೆ ಸ್ವಲ್ಪ ಪಾಕ ದ್ರವವಾಗಿಯೇ ಉಳಿದು, ಚಮಚಕ್ಕೆ ದಾರಿ ಬಿಡುತ್ತದೆ. ಸಕ್ಕರೆ ಕಡಿಮೆಯಾದರೆ ಆ ದಾರಿ ಮುಚ್ಚುತ್ತದೆ.

ಫ್ರೀಜರ್ ಎಂದಾಗ ನೆನಪಾಯಿತು. ಪಾರಸಿಯಲ್ಲಿ ಫ್ರಿಜ್ಜಿಗೆ ಯಖ್ಚಾಲ್ ಎನ್ನುತ್ತಾರೆ. ಯಖ್ ಎಂದರೆ ಮಂಜುಗಡ್ಡೆ, ಚಾಲ್ ಎಂದರೆ ಗುಂಡಿ. ವಿದ್ಯುತ್ತಿನ ಪೆಟ್ಟಿಗೆ ಬರುವುದಕ್ಕೆ ನೂರಾರು ವರ್ಷ ಮೊದಲೇ ಆ ಮರುಭೂಮಿಯಲ್ಲಿ ಯಖ್ಚಾಲ್ ಇತ್ತು. ಯಜ್ದ್ ಪ್ರಾಂತ್ಯದ ಮೇಬೋದ್‌ನಲ್ಲಿ, ಕೆರ್ಮಾನ್‌ನಲ್ಲಿ ಇಂದಿಗೂ ನಿಂತಿವೆ: ಮಣ್ಣಿನ ದೊಡ್ಡ ಗೋಪುರ, ಕೆಳಗೆ ಆಳದ ಗುಂಡಿ, ಪಕ್ಕದಲ್ಲಿ ಎತ್ತರದ ಉದ್ದನೆಯ ಗೋಡೆ. ಚಳಿಗಾಲದ ರಾತ್ರಿ ಆ ಗೋಡೆಯ ಮಗ್ಗುಲಲ್ಲಿ ತೋಡಿದ ತಗ್ಗಾದ ಕೊಳಗಳಿಗೆ ನೀರು ಹರಿಸುತ್ತಿದ್ದರು. ಮೋಡವಿಲ್ಲದ ಒಣ ಆಕಾಶಕ್ಕೆ ನೀರು ತನ್ನ ಶಾಖವನ್ನು ಬಿಟ್ಟುಕೊಟ್ಟು ಬೆಳಗಾಗುವುದರೊಳಗೆ ಹೆಪ್ಪುಗಟ್ಟುತ್ತಿತ್ತು. ಹಗಲಲ್ಲಿ ಗೋಡೆಯ ನೆರಳು ಅದನ್ನು ಬಿಸಿಲಿನಿಂದ ಕಾಯುತ್ತಿತ್ತು. ಒಡೆದ ಗಡ್ಡೆಗಳನ್ನು ಗುಂಡಿಯಲ್ಲಿ ಹುಲ್ಲಿನ ನಡುವೆ ಜೋಡಿಸಿಟ್ಟರೆ ಬೇಸಿಗೆಗೆ ಒದಗುತ್ತಿತ್ತು. ಗೋಪುರಕ್ಕೆ ಬಳಿಯುತ್ತಿದ್ದ ಸಾರೂಜ್ ಎಂಬ ಗಾರೆಗೆ ಸುಣ್ಣ, ಜೇಡಿಮಣ್ಣು, ಬೂದಿ, ಮೊಟ್ಟೆಯ ಬಿಳಿ, ಆಡಿನ ಕೂದಲು ಸೇರುತ್ತಿದ್ದವು. ಸುಡುವ ನಾಡಿನಲ್ಲಿ ಬೇಸಿಗೆಯ ನಡುವೆ ತಣ್ಣನೆಯದನ್ನು ತಿನ್ನಬೇಕೆಂಬ ಆಸೆಗೆ ಅವರು ಇಷ್ಟು ದೊಡ್ಡ ಕಟ್ಟಡ ಕಟ್ಟಿದರು. ನನ್ನ ಡಬ್ಬಿ ಫ್ರೀಜರಿನಲ್ಲಿದೆ ಎಂಬ ಸಂಗತಿಯೇ ಈಗ ಬೇರೆಯಾಗಿ ಕಾಣುತ್ತಿದೆ.

ಮಾರ್ಚ್ 22

ಈ ಸಲ 400 ಗ್ರಾಂ ಸಕ್ಕರೆ. ಅತಿಯಾಯಿತು. ರಾತ್ರಿಯಿಡೀ ಇಟ್ಟರೂ ದೋಸೆ ಹಿಟ್ಟಿನಂತೆ ಸಡಿಲವಾಗಿಯೇ ಉಳಿಯಿತು, ಮೊಮ್ಮಗನಿಗೂ ಸಿಹಿ ಜಾಸ್ತಿಯೆನಿಸಿತು.

ಪನ್ನೀರಿನ ಬಗ್ಗೆ ಒಂದು ಎಚ್ಚರಿಕೆ. ಮುಖಕ್ಕೆ ಹಚ್ಚಲು ಮಾರುವ ಸೀಸೆಗಳಲ್ಲಿ ಕೃತಕ ಸುಗಂಧವಿರಬಹುದು. ಅಡುಗೆಗೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ತನ್ನಿ.

ಮಾರ್ಚ್ 29

ಅರ್ಧ ಲೀಟರ್ ನೀರು, 250 ಗ್ರಾಂ ಸಕ್ಕರೆ. ಸಕ್ಕರೆ ಕರಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮೂರು ದೊಡ್ಡ ಚಮಚ ಪನ್ನೀರು. ಬಿಸಿಯಲ್ಲಿ ಹಾಕಿದರೆ ಪರಿಮಳ ಹಾರಿಹೋಗುತ್ತದೆ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಸುರಿದು ಫ್ರೀಜರಿನಲ್ಲಿಟ್ಟೆ. ಆಳದ ಡಬ್ಬಿಗಿಂತ ಇದರಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಒಂದೂವರೆ ಗಂಟೆಯ ಹೊತ್ತಿಗೆ ಅಂಚುಗಳಲ್ಲಿ ಹರಳು ಕಾಣಿಸಿತು. ಆಗ ನೀರು ಬಸಿದ ಎಳೆಗಳನ್ನು ಬೆರೆಸಿದೆ. ಆಮೇಲೆ ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆದು ಬಿಡಿಸುತ್ತ ಹೋದೆ. ಕೆರೆಯದಿದ್ದರೆ ಹರಳುಗಳು ದೊಡ್ಡದಾಗಿ ಬೆಳೆದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಮೂರನೆಯ ಸಲ ಕೆರೆಯುವಾಗ ಎಳೆಗಳ ಬಣ್ಣ ಬದಲಾಗಿರುವುದನ್ನು ಕಂಡೆ. ಗಾಜಿನಂತಿದ್ದವು ಹಾಲುಬಿಳುಪಾಗಿದ್ದವು. ಬೆಂದ ಪಿಷ್ಟ ತಣ್ಣಗಾದಂತೆ ಅದರೊಳಗಿನ ಉದ್ದನೆಯ ಸರಪಳಿಗಳು ಮತ್ತೆ ಒತ್ತಟ್ಟಿಗೆ ಸೇರಿ ನೀರನ್ನು ಹೊರಕ್ಕೆ ತಳ್ಳುತ್ತವೆ. ತಂಗಳನ್ನ ಬಿರುಸಾಗುವುದೂ ಇದೇ ಕಾರಣಕ್ಕೆ. ಅನ್ನದಲ್ಲಿ ನಮಗೆ ಬೇಡವಾದದ್ದೇ ಇಲ್ಲಿ ಬೇಕಾದದ್ದು. ಪೇಟೆಯ ಫಾಲೂದಾದಲ್ಲಿ ಶ್ಯಾವಿಗೆ ಹಾಲಿನಲ್ಲಿ ನೆನೆಯುತ್ತ ಕುಳಿತಿರುತ್ತದೆ, ಹೆಪ್ಪುಗಟ್ಟುವ ಅವಕಾಶವೇ ಅದಕ್ಕಿಲ್ಲ. ಹೆಸರು ಒಂದೇ. ಪಾಲೂದೆ ಎಂಬ ಹಳೆಯ ಪಾರಸಿ ಮಾತಿಗೆ ಸೋಸಿದ್ದು, ಶುದ್ಧಗೊಳಿಸಿದ್ದು ಎಂದರ್ಥ. ಅದೇ ಮಾತು ಇಲ್ಲಿಗೆ ಬಂದು ಹಾಲಿನ ಲೋಟದಲ್ಲಿ ಇಳಿಯಿತು.

ಶಿರಾಜಿಗೂ ನಮಗೂ ಹಳೆಯ ನಂಟು ಇನ್ನೊಂದಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ ಅಲಿ ಅಸ್ಕರ್ 19ನೇ ಶತಮಾನದಲ್ಲಿ ಕುದುರೆ ವ್ಯಾಪಾರಕ್ಕೆಂದು ಶಿರಾಜಿನಿಂದ ಬೆಂಗಳೂರಿಗೆ ಬಂದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. ಅವರ ಮನೆಯ ಬೇಸಿಗೆಗಳಲ್ಲಿ ಈ ತಿನಿಸಿನ ನೆನಪು ಸುಳಿದಿರಬಹುದೇ ಎಂದು ಕೆರೆಯುತ್ತಲೇ ಯೋಚಿಸಿದೆ.

ಸಂಜೆ ಆರಕ್ಕೆ ಬಟ್ಟಲುಗಳಿಗೆ ಹಾಕಿ ನಿಂಬೆ ಹಿಂಡಿದೆ. ನಿಂಬೆರಸವನ್ನು ಪಾಕಕ್ಕೆ ಮೊದಲೇ ಬೆರೆಸದೆ ಕೊನೆಯಲ್ಲೇ ಹಿಂಡಬೇಕು. ಮೊದಲು ತಣ್ಣನೆಯ ಹುಳಿ, ಹಿಂದೆಯೇ ಪನ್ನೀರು, ಅದರ ನಡುವೆ ಎಳೆ. ಕರುಂ. ಅತ್ತೆ ಕಣ್ಣು ಮುಚ್ಚಿ ಎರಡು ಚಮಚ ತಿಂದು, "ಹಸಿ ಸಂಡಿಗೆಯನ್ನು ಹಿಮದಲ್ಲಿ ಒಣಗಿಸಿದ ಹಾಗಿದೆ" ಎಂದರು. ಇದಕ್ಕಿಂತ ಸರಿಯಾದ ವರ್ಣನೆ ನನಗೆ ಸಿಗಲಿಲ್ಲ.

ಮಾರ್ಚ್ 30

ನಿನ್ನೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಎಳೆ ಕಚ್ಚುವ ಶಬ್ದವನ್ನು ಧ್ವನಿಮುದ್ರಿಸಿ ಶಿರಾಜಿಗೆ ಕಳುಹಿಸಿದ್ದೆ. ಈ ಬೆಳಿಗ್ಗೆ ಉತ್ತರ: "ಆಂಟಿ, ಶಬ್ದ ಸರಿಯಾಗಿದೆ. ಆದರೆ ಎಳೆ ದಪ್ಪವಿದೆ ಅಲ್ಲವೇ? ಕೇಳಿದರೆ ಗೊತ್ತಾಗುತ್ತದೆ."

ಹೌದು, ದಪ್ಪವಿದೆ. ಅಲ್ಲಿನ ಎಳೆ ದಾರದಷ್ಟು ಸಣ್ಣ, ನಮ್ಮ ಓಂಪುಡಿ ಬಿಲ್ಲೆಯ ತೂತು ಅದಕ್ಕಿಂತ ದೊಡ್ಡದು. ಪಾತ್ರೆ ಅಂಗಡಿಯಲ್ಲಿ ಇನ್ನೂ ಸಣ್ಣ ತೂತಿನ ಬಿಲ್ಲೆ ಕೇಳಿ ಬಂದಿದ್ದೇನೆ, ಗುರುವಾರ ತರಿಸಿಕೊಡುತ್ತಾರಂತೆ. ಹಿಟ್ಟಿಗೆ ಎರಡು ಚಮಚ ನೀರು ಹೆಚ್ಚು ಬೇಕಾಗಬಹುದು. ಏಪ್ರಿಲ್ 5ರ ಭಾನುವಾರಕ್ಕೆ ಆರು ನಿಂಬೆಹಣ್ಣು ತೆಗೆದಿಟ್ಟಿದ್ದೇನೆ.